ಬಾಳೆಲೆಯಿಂದ ಮೆನು ಕಾರ್ಡಿನವರೆಗೆ: ಮುಂಬಯಿಯಲ್ಲಿ ಡಿಸೈನ್ ಕಲಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎರಡನೇ ವರ್ಷದ ಜೂರಿಗೆ, ಅಂದರೆ ಮೇಷ್ಟ್ರು ಕೆಲಸ ನೋಡಿ ಪ್ರಶ್ನೆ ಕೇಳುವ ಪರೀಕ್ಷೆಗೆ, ನಾನು ಸ್ಫೂರ್ತಿಗೆಂದು ಕೂಡಿಹಾಕಿದ 62 ಚಿತ್ರಗಳ ಮೂಡ್‌ಬೋರ್ಡ್ ಹಿಡಿದುಕೊಂಡು ಹೋಗಿದ್ದೆ. ವಿಷಯ, ಒಂದು ಸಣ್ಣ ಊಟದ ಮೆಸ್ಸಿಗೆ ಮೆನು ಕಾರ್ಡು. ಚಿತ್ರಗಳು ಒಂದಕ್ಕಿಂತ ಒಂದು ಚಂದ. ಜಪಾನಿನ ಚಹಾ ಅಂಗಡಿ, ಡೆನ್ಮಾರ್ಕಿನ ಬೇಕರಿ, ಯಾವುದೋ ಊರಿನ ಯಾವುದೋ ಗೋಡೆ. ಮೇಷ್ಟ್ರು ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ನೀನು ಕಣ್ಣಾರೆ ನೋಡಿದ್ದು ಎಷ್ಟು?"

ಒಂದೂ ಇರಲಿಲ್ಲ.

ನಾಚಿಕೆ ಆಗಿದ್ದು ಅದಕ್ಕಲ್ಲ. ನಮ್ಮ ಅಪ್ಪ ಮಾಟುಂಗಾದ ಒಂದು ಮೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ರಜೆಯಲ್ಲಿ ನಾನೇ ಅಲ್ಲಿ ನೀರು ಕೊಟ್ಟಿದ್ದೇನೆ, ಎಲೆ ತೆಗೆದಿದ್ದೇನೆ. ಮೆಸ್ಸಿನ ಬಗ್ಗೆ ಕೆಲಸ ಮಾಡಲು ಹೇಳಿದರೆ ಡೊಂಬಿವಲಿಯ ಮನೆಯಲ್ಲಿ ಕೂತು ಡೆನ್ಮಾರ್ಕ್ ಹುಡುಕಿದೆ!

ಆ ಜೂರಿ ಆದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿಯಲ್ಲಿ ಡಿಸೈನ್ ಓದುತ್ತಿರುವ, ಓದಬೇಕೆಂದಿರುವ ಕನ್ನಡದ ಹುಡುಗ ಹುಡುಗಿಯರಿಗಾಗಿ. ಪುಣೆಯಲ್ಲೋ ಮಡಗಾಂವಿನಲ್ಲೋ ಇದ್ದರೂ ಊರಿನ ಹೆಸರು ಬದಲಿಸಿಕೊಂಡರೆ ಸಾಕು.

ಡೈರಿ ಕೊಳ್ಳಿ, ಆದರೆ ಚಂದದ್ದು ಬೇಡ

ಎ-6 ಅಳತೆಯ, ಜೇಬಿಗೆ ಹೋಗುವ ಪುಸ್ತಕ ಸಾಕು. ದಪ್ಪ ಕಾಗದ, ಗಟ್ಟಿ ರಟ್ಟು ಇರಲಿ. ಚರ್ಮದ ಕವರಿನ ದುಬಾರಿ ಸ್ಕೆಚ್‌ಬುಕ್ ತಂದರೆ ಏನಾಗುತ್ತದೆ ಗೊತ್ತಾ? ಹಾಳಾಗುತ್ತದೆಂಬ ಹೆದರಿಕೆಯಿಂದ ಮೊದಲ ಪುಟವೇ ಖಾಲಿ ಉಳಿಯುತ್ತದೆ. ನನ್ನ ಹತ್ತಿರ ಅಂಥವು ಎರಡು ಇವೆ. ಇವತ್ತಿಗೂ ಹೊಸದರಂತೆ ಇವೆ.

ಪೆನ್ನು ಮಾತ್ರ ನೋಡಿ ತೆಗೆದುಕೊಳ್ಳಿ. ನೀರು ಬಿದ್ದರೆ ಹರಡದ ಇಂಕಿನದೇ ಬೇಕು. ಮೊದಲ ವರ್ಷ ಜುಲೈಯಲ್ಲಿ ದಾದರ್ ಸೇತುವೆ ದಾಟುವಾಗ ಮಳೆ ಸುರಿಯಿತು. ಚೀಲದೊಳಗಿದ್ದ ಡೈರಿಯಲ್ಲಿ ಮೂರು ತಿಂಗಳ ಗೀಚು ನೀಲಿ ಸಾರಿನಂತಾಯಿತು. ಅಂದಿನಿಂದ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಅದರೊಳಗೆ ಡೈರಿ ಇಡುತ್ತೇನೆ. ಅಮ್ಮನ ಐಡಿಯಾ, ಚೆನ್ನಾಗಿ ನಡೆಯುತ್ತಿದೆ.

ಫೋನು ಬೇಡವೇ ಅಂದರೆ, ಬೇಕು. ಆದರೆ ಮೊದಲು ಗೀಚಿ, ಆಮೇಲೆ ಫೋಟೋ ತೆಗೆಯಿರಿ. ಫೋಟೋ ಮೊದಲು ತೆಗೆದರೆ "ಸರಿ, ಸಿಕ್ಕಿತು" ಎಂದು ಕಣ್ಣು ಅಲ್ಲಿಂದ ಹೊರಟುಬಿಡುತ್ತದೆ. ಗೀಚುವಾಗ ಹಾಗೆ ಹೊರಡಲು ಆಗುವುದಿಲ್ಲ. ಆ ಬಾಗಿಲಿಗೆ ಎಷ್ಟು ಹಲಗೆ, ಆ ಅಕ್ಷರದ ಬಾಲ ಎಲ್ಲಿಗೆ ಮುಗಿಯಿತು ಎಂದು ಎಣಿಸಲೇಬೇಕು.

ಮೂರು ಸಾಲಿನ ಅಭ್ಯಾಸ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಗೀಚಿನ ಕೆಳಗೆ ಮೂರು ಸಾಲು ಬರೆಯಬೇಕು. ಒಂದು, ಇದು ಏನು. ಎರಡು, ಇದು ಯಾಕೆ ಹೀಗಿದೆ. ಮೂರು, ಯಾವಾಗ ಇದು ಕೆಲಸ ಮಾಡುವುದಿಲ್ಲ. ಜೊತೆಗೆ ತಾರೀಕು, ಜಾಗ.

ಮೊದಲ ಸಾಲು ಎಲ್ಲರೂ ಬರೆಯುತ್ತಾರೆ. ಎರಡನೆಯದರಲ್ಲೇ ಇರುವುದು ಎಲ್ಲಾ. ರೂಪ ನೋಡಿದರೆ ಒಂದು ಚಿತ್ರ ಸಿಗುತ್ತದೆ. ಕಾರಣ ಹಿಡಿದರೆ ಅದರಿಂದ ಹತ್ತು ಬೇರೆ ರೂಪ ಹುಟ್ಟಿಸಬಹುದು.

ಮನೆಯ ಊಟವನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳ ಡಬ್ಬಿಯನ್ನೇ ತೆಗೆದುಕೊಳ್ಳಿ. 1890ರಲ್ಲಿ ಶುರುವಾದ ವ್ಯವಸ್ಥೆ ಇದು. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ, ಅಕ್ಷರ, ಗುರುತುಗಳು ಇರುತ್ತವೆ. ಎಲ್ಲಿಂದ ಎತ್ತಿದ್ದು, ಯಾವ ಸ್ಟೇಷನ್ನಿನಿಂದ ಹೊರಟಿದ್ದು, ಯಾವ ಸ್ಟೇಷನ್ನಿಗೆ ಹೋಗಬೇಕಾದದ್ದು, ಅಲ್ಲಿ ಯಾವ ಕಟ್ಟಡ, ಯಾವ ಮಹಡಿ ಎಲ್ಲವೂ ಅದರಲ್ಲೇ ಇದೆ. ಪೂರ್ತಿ ವಿಳಾಸ ಎಲ್ಲೂ ಇಲ್ಲ. ನೋಡಿದ ಕೂಡಲೇ "ಎಷ್ಟು ಚಂದದ ಕೈಬರಹ" ಎನ್ನಿಸುತ್ತದೆ. ಅದನ್ನೇ ಕಾಪಿ ಮಾಡಿ ಟೀ ಶರ್ಟಿನ ಮೇಲೆ ಹಾಕಿದವರು ಬೇಕಾದಷ್ಟು ಜನ ಇದ್ದಾರೆ.

ಈಗ ಎರಡನೇ ಸಾಲು. ಯಾಕೆ ಹೀಗಿದೆ? ಡಬ್ಬಿ ಕೈ ಬದಲಾಗುವುದು ಪ್ಲಾಟ್‌ಫಾರ್ಮಿನಲ್ಲಿ, ಗದ್ದಲದ ನಡುವೆ. ನಿಂತು ಓದುವಷ್ಟು ಸಮಯ ಇಲ್ಲ. ಹೆಚ್ಚು ಓದಿಲ್ಲದವರಿಗೂ ತಿಳಿಯಬೇಕು. ಹಾಗಾಗಿ ಪ್ರತಿ ಕೈಗೂ ಬೇಕಾದ ಮಾಹಿತಿ ಬೇರೆ. ಸ್ಟೇಷನ್ನಿನಲ್ಲಿ ವಿಂಗಡಿಸುವವನಿಗೆ ಮಹಡಿ ಬೇಕಿಲ್ಲ. ಮಹಡಿ ಹತ್ತುವವನಿಗೆ ಡಬ್ಬಿ ಎಲ್ಲಿಂದ ಹೊರಟಿತೆಂಬುದು ಬೇಕಿಲ್ಲ. "ಒಂದೇ ಮೇಲ್ಮೈ, ಬೇರೆ ಬೇರೆ ಓದುಗರು" ಎಂದು ನನ್ನ ಡೈರಿಯಲ್ಲಿ ಬರೆದಿದೆ. ಒಂದು ವರ್ಷದ ನಂತರ ಆಸ್ಪತ್ರೆಯ ದಾರಿ ತೋರಿಸುವ ಬೋರ್ಡುಗಳ ಪ್ರಾಜೆಕ್ಟ್ ಬಂದಾಗ ಕೈಹಿಡಿದದ್ದು ಆ ಸಾಲೇ. ಡಬ್ಬಿಯ ಚಿತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಮೂರನೇ ಸಾಲು? ಹೊಸಬನಿಗೆ ಇದು ಅರ್ಥವಾಗುವುದಿಲ್ಲ, ಯಾರಾದರೂ ಹೇಳಿಕೊಡಬೇಕು. ಅಂದರೆ ಮೊದಲ ಸಲ ಬರುವ ರೋಗಿಗೆ ಬರೀ ಸಂಕೇತ ಸಾಲದು. ಅದನ್ನೂ ಡಬ್ಬಿಯೇ ಹೇಳಿತು.

ಎಲ್ಲಿಗೆ ಹೋಗಬೇಕು

ದೂರ ಹೋಗುವ ಮೊದಲು ಮನೆಯ ಕಪಾಟು ತೆರೆಯಿರಿ. ನಮ್ಮ ಚಾಳಿನಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಅವರ ಇಳಕಲ್ ಸೀರೆಯ ಮೇಲಿನ ಕಸೂತಿ ನೋಡಲು ಒಂದು ಮಧ್ಯಾಹ್ನ ಕೂತೆ. ಗೋಪುರ, ತೇರು, ಆನೆ, ತುಳಸಿ ಕಟ್ಟೆ. ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿದ್ದವು, ಹಳೇ ವಿಡಿಯೋ ಗೇಮಿನ ಬೊಂಬೆಗಳ ಹಾಗೆ. ಯಾಕಜ್ಜಿ ಅಂದೆ. "ಎಳಿ ಎಣಿಸಿ ಹಾಕೋದವ್ವಾ, ಗೆರಿ ಬರಕೊಂಡು ಅಲ್ಲ" ಅಂದರು. ಬಟ್ಟೆಯ ನೂಲೇ ಗ್ರಾಫ್ ಪೇಪರು! ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಯಾದರೆ ಬಟ್ಟೆ ತಿರುಗಿಸಿದರೂ ಒಂದೇ ತರಹ ಕಾಣಬೇಕು. ನೇಯ್ಗೆ, ಮೆಂತೆ ಅಂತ ಇನ್ನೆರಡು ಹೊಲಿಗೆ ಇವೆ. ಐಕಾನ್ ಡಿಸೈನಿನ ಕ್ಲಾಸಿನಲ್ಲಿ ಪಿಕ್ಸೆಲ್ ಗ್ರಿಡ್ (ಚಿತ್ರ ಕೂರಿಸುವ ಚೌಕಗಳ ಜಾಲ) ಬಗ್ಗೆ ಎರಡು ವಾರ ಹೇಳಿದ್ದು ಆ ಮಧ್ಯಾಹ್ನವೇ ನನಗೆ ಅರ್ಥವಾಯಿತು.

ಆಮೇಲೆ ಮಾಟುಂಗಾ. ಕಿಂಗ್ಸ್ ಸರ್ಕಲ್ ಸುತ್ತಮುತ್ತ ಒಂದು ಬೆಳಿಗ್ಗೆ ಪೂರ್ತಿ ಇಟ್ಟುಕೊಳ್ಳಿ. ಹೂವಿನವರು, ಬಾಳೆಲೆಯವರು, ಹಿತ್ತಾಳೆಯ ಲೋಟ, ತಮಿಳು, ಕನ್ನಡ, ಗುಜರಾತಿ, ಮರಾಠಿ ಎಲ್ಲಾ ಒಂದೇ ಬೀದಿಯಲ್ಲಿ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ನಾಟಕ ಇದ್ದರೆ ಹೋಗಿ. ನಾಟಕ ನೋಡುವುದಕ್ಕೂ ಹೌದು, ಚಿಕ್ಕ ವೇದಿಕೆಯಲ್ಲಿ ಒಂದೇ ದೀಪದಿಂದ ರಾತ್ರಿಯನ್ನು ಹೇಗೆ ಮಾಡುತ್ತಾರೆ ಎಂದು ನೋಡುವುದಕ್ಕೂ ಹೌದು.

ಮಾಟುಂಗಾ, ದಾದರ್ ಕಡೆಯ ಹಳೇ ಕಟ್ಟಡಗಳನ್ನು ತಲೆಯೆತ್ತಿ ನೋಡಿ. ದುಂಡನೆಯ ಬಾಲ್ಕನಿ, ಹಡಗಿನ ಕಿಟಕಿಯಂಥ ಕಿಟಕಿ, ಸಿಮೆಂಟಿನಲ್ಲೇ ಉಬ್ಬಿಸಿದ ಕಟ್ಟಡದ ಹೆಸರು. ಈ ಕಟ್ಟಡ ಶೈಲಿಯ ಹೆಸರು ಆರ್ಟ್ ಡೆಕೋ. ಇದರ ದೊಡ್ಡ ಸಾಲು ಮರೀನ್ ಡ್ರೈವಿನಲ್ಲೂ ಓವಲ್ ಮೈದಾನದ ಪಕ್ಕದಲ್ಲೂ ಇದೆ. ಓವಲ್‌ನ ಒಂದು ಬದಿ ಅದಕ್ಕೂ ಹಿಂದಿನ ವಿಕ್ಟೋರಿಯನ್ ಗೋಥಿಕ್ ಶೈಲಿ, ಇನ್ನೊಂದು ಬದಿ ಆರ್ಟ್ ಡೆಕೋ. ಈ ಎರಡನ್ನೂ ಒಟ್ಟಿಗೆ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಮೈದಾನದ ನಡುವೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರೆ ಸುಮಾರು ಅರವತ್ತು ವರ್ಷಗಳ ರುಚಿ ಬದಲಾದದ್ದು ಕಾಣುತ್ತದೆ. ಪುಸ್ತಕದಲ್ಲಿ ಇಷ್ಟು ಸಲೀಸಾಗಿ ಕಾಣುವುದಿಲ್ಲ.

ಡೆಕೋ ಕಿಟಕಿಗಳ ಮೇಲೆ ತೆಳ್ಳನೆಯ ಕಾಂಕ್ರೀಟ್ ಹಣೆಪಟ್ಟಿ ಇರುತ್ತದಲ್ಲ, ಅದಕ್ಕೆ ಹುಬ್ಬು ಅಂತಲೇ ಹೆಸರು. ಚಂದಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಬಿಸಿಲಿಗೆ ನೆರಳು, ಮಳೆಗೆ ಮರೆ. ಕಟ್ಟಡದ ಮೂಲೆ ತಿರುಗುವಾಗ ಆ ಹುಬ್ಬೂ ಜೊತೆಗೇ ತಿರುಗುತ್ತದೆ, ಅಲ್ಲಿ ವೇಗ ಇದ್ದಂತೆ ಕಾಣುತ್ತದೆ. ಉಪಯೋಗದಿಂದ ಹುಟ್ಟಿದ ಗೆರೆಯೇ ಅಲಂಕಾರವೂ ಆಯಿತು. ಡೈರಿಗೆ ಎರಡು ಪುಟ.

ಸಿಎಸ್‌ಎಂಟಿ ರೈಲು ನಿಲ್ದಾಣವನ್ನು ನಾವು ಓಡುತ್ತಾ ಮಾತ್ರ ನೋಡಿರುತ್ತೇವೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ ಮಾಡಿದ ಕಟ್ಟಡ ಅದು. 1878ರಲ್ಲಿ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ಅದರ ಕಲ್ಲಿನ ಅಲಂಕಾರದಲ್ಲಿ ಜೆಜೆ ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಅಂದರೆ ನಮ್ಮಂಥವರ ಕ್ಲಾಸ್ ವರ್ಕ್! ಟಿಕೆಟ್ ಕೌಂಟರಿನ ಹತ್ತಿರ ನಿಂತು ಕಂಬಗಳ ತಲೆ ನೋಡಿ. ಎಲೆಗಳ ನಡುವೆ ಪ್ರಾಣಿ, ಹಕ್ಕಿ ಅಡಗಿವೆ. ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ ಹೋಗಬೇಡಿ, ಜನ ನಿಮ್ಮನ್ನೇ ಕಂಬ ಅಂದುಕೊಂಡು ಒರಗುತ್ತಾರೆ. ಭಾನುವಾರ ಮಧ್ಯಾಹ್ನ ಒಳ್ಳೆಯದು.

ಮ್ಯೂಸಿಯಂಗೆ ಹೋದರೆ ಒಂದೇ ಕೋಣೆ ಆರಿಸಿಕೊಳ್ಳಿ. 1922ರಲ್ಲಿ ತೆರೆದ ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯ ದೊಡ್ಡದು. ಎಲ್ಲಾ ನೋಡುತ್ತೇನೆಂದು ಹೊರಟರೆ ಕಾಲುನೋವೊಂದೇ ನೆನಪಿರುತ್ತದೆ. ನಾನು ಚಿಕಣಿ ಚಿತ್ರಗಳ (ಮಿನಿಯೇಚರ್) ಗ್ಯಾಲರಿಗೆ ಮಾತ್ರ ನಾಲ್ಕು ಸಲ ಹೋಗಿದ್ದೇನೆ. ಒಂದೇ ಚಿತ್ರದ ಮುಂದೆ 20 ನಿಮಿಷ ನಿಂತು ನೋಡಿ. ಗೋಡೆ ತೆಗೆದುಹಾಕಿ ಮನೆಯ ಒಳಗನ್ನೂ ಹೊರಗನ್ನೂ ಒಟ್ಟಿಗೆ ತೋರಿಸುವ ಧೈರ್ಯ ಅಲ್ಲಿದೆ. ಬೈಕುಲ್ಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಇನ್ನೊಂದು ತರಹ. ಹಳೇ ಮುಂಬಯಿಯ ಜನ, ಕಸುಬು, ಉಡುಪು ಎಲ್ಲಾ ಪುಟಾಣಿ ಮಣ್ಣಿನ ಬೊಂಬೆಗಳಲ್ಲಿ ಇವೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಜಹಾಂಗೀರ್ ಆರ್ಟ್ ಗ್ಯಾಲರಿ ಬಿಟ್ಟಿ, ಮಳೆ ಬಂದರೆ ಒಳಗೆ ನುಗ್ಗಬಹುದು.

ಚೋರ್ ಬಜಾರಿನಲ್ಲಿ ಹಳೇ ಸಿನಿಮಾ ಪೋಸ್ಟರು, ಎನಾಮೆಲ್ ಬೋರ್ಡು ಸಿಗುತ್ತವೆ. ನೋಡಿ, ಗೀಚಿ, ಕೊಳ್ಳಲು ಹೋಗಬೇಡಿ. ವಿದ್ಯಾರ್ಥಿ ಮುಖ ಕಂಡರೆ ರೇಟು ಜಾಸ್ತಿ.

ಒಂದು ಮಾತು ಸೇರಿಸಬೇಕು. "ಆಮೇಲೆ ನೋಡಿದರಾಯಿತು" ಅನ್ನಬೇಡಿ. ಪ್ರೀಮಿಯರ್ ಪದ್ಮಿನಿಯ ಕಪ್ಪು-ಹಳದಿ ಟ್ಯಾಕ್ಸಿ, ನಗರ ಸಾರಿಗೆಯ ಬೆಸ್ಟ್‌ನ ಡೀಸೆಲ್ ಡಬಲ್ ಡೆಕರ್ ಬಸ್ಸು, ಎರಡೂ 2023ರಲ್ಲಿ ರಸ್ತೆಯಿಂದ ಹೋದವು. ಟ್ಯಾಕ್ಸಿಯೊಳಗಿನ ಹೂವಿನ ರೆಕ್ಸಿನ್ ಸೀಟು, ಗಾಜಿನ ಮೇಲಿನ ರೇಡಿಯಂ ಸ್ಟಿಕರ್ ಒಂದನ್ನೂ ನಾನು ಗೀಚಿಕೊಂಡಿರಲಿಲ್ಲ. ಎಷ್ಟು ಸಲ ಕೂತಿದ್ದೆನೋ.

ರೈಲಿನಲ್ಲಿ ಕೈ ಪಳಗಿಸುವುದು

ಡೊಂಬಿವಲಿಯಿಂದ ಮಾಟುಂಗಾಕ್ಕೆ ಸ್ಲೋ ಲೋಕಲ್ಲೇ ಗತಿ, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ಹೆಚ್ಚುಕಡಿಮೆ ಒಂದು ಗಂಟೆ. ಗರ್ದಿಯ ಹೊತ್ತಿನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ, ಆಗ ಸುಮ್ನೆ ನೋಡಿ. ಮಧ್ಯಾಹ್ನದ ರೈಲಿನಲ್ಲಿ ಹೀಗೆ ಮಾಡಿ: ಎರಡು ಸ್ಟೇಷನ್ನಿನ ನಡುವೆ ಒಬ್ಬರ ಭಂಗಿ. ರೈಲು ನಿಂತ ಕೂಡಲೇ ಪುಟ ತಿರುಗಿಸಬೇಕು, ಅರ್ಧ ಆಗಿದ್ದರೂ ಸರಿ. ಮುಖ ಬೇಡ. ಭುಜದ ಓರೆ, ಹಿಡಿಕೆಗೆ ಜೋತ ಕೈ, ನಿದ್ದೆಯಲ್ಲಿ ವಾಲಿದ ಕುತ್ತಿಗೆ ಸಾಕು. ಯಾರಾದರೂ ಗಮನಿಸಿ ಮುಜುಗರ ಪಟ್ಟರೆ ನಿಲ್ಲಿಸಿ, ಪುಸ್ತಕ ತೋರಿಸಿ. ಫೋಟೋ ಮಾತ್ರ ಕೇಳದೆ ತೆಗೆಯಬೇಡಿ.

ಇದು ಹುಡುಗಾಟ ಅನ್ನಿಸಿದರೆ ಕೆ. ಕೆ. ಹೆಬ್ಬಾರರ ರೇಖೆ ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಗೆ ಬಂದು ಜೆಜೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ನಾಲ್ಕೈದು ಗೆರೆಯಲ್ಲಿ ಕುಣಿಯುವ ಮೈ ನಿಲ್ಲಿಸುತ್ತಿದ್ದರು. ಲಯ ತಿಳಿಯಬೇಕೆಂದು ಅವರು ಕಥಕ್ ಕಲಿತರು! ಚಿತ್ರಕಾರ ಕುಣಿತ ಕಲಿಯುವುದೆಂದರೆ ಕಾರಣದ ಬೆನ್ನು ಹತ್ತಿ ಎಷ್ಟು ದೂರ ಹೋಗಬಹುದು, ನೋಡಿ.

ಭಾನುವಾರದ ವಿಂಗಡಣೆ

ವಾರಕ್ಕೆ ಒಂದು ಗಂಟೆ. ಡೈರಿಯ ಪುಟಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ. ಎಲ್ಲರೂ "ಕಟ್ಟಡ", "ಬಟ್ಟೆ", "ಬೋರ್ಡು" ಎಂದು ಫೋಲ್ಡರ್ ಮಾಡುತ್ತಾರೆ. ಹಾಗೆ ಮಾಡಿದರೆ ಬಟ್ಟೆಯ ಪ್ರಾಜೆಕ್ಟ್ ಬಂದಾಗ ಬಟ್ಟೆಯನ್ನೇ ತೆರೆಯುತ್ತೀರಿ, ಬಟ್ಟೆಯಂಥದ್ದೇ ಏನೋ ಮಾಡುತ್ತೀರಿ. ನನ್ನ ಫೋಲ್ಡರುಗಳ ಹೆಸರು ಹೀಗಿವೆ: "ಜಾಗ ಗೊತ್ತುಮಾಡುವುದು", "ದೂರದಿಂದ ಓದುವುದು", "ಸವೆತ", "ಎಣಿಕೆಯಿಂದ ಹುಟ್ಟಿದ್ದು", "ಇಕ್ಕಟ್ಟಿನಲ್ಲಿ ಬದುಕುವುದು". ಕಸೂತಿಯೂ ತಮಿಳರ ರಂಗೋಲಿ ಕೋಲಮ್ಮಿನ ಚುಕ್ಕಿಯೂ "ಎಣಿಕೆ"ಯಲ್ಲಿ ಪಕ್ಕಪಕ್ಕ ಕೂತಿವೆ. "ಇಕ್ಕಟ್ಟಿನಲ್ಲಿ" ಇರುವುದು ಚಾಳಿನ ಅಡುಗೆಮನೆ ಶೆಲ್ಫು ಮತ್ತು ಲೋಕಲ್ಲಿನಲ್ಲಿ ಬಾಚಣಿಗೆ, ಪಿನ್ನು ಮಾರುವವರ ತೂಗುಹಲಗೆ.

ಪಿಂಟರೆಸ್ಟ್ ಬಿಡಿ ಎನ್ನುವುದಿಲ್ಲ, ನಾನೂ ದಿನಾ ನೋಡುತ್ತೇನೆ. ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ: ನನ್ನ ಐದು ಗೀಚಿಗೆ ಹೊರಗಿನ ಒಂದು ಚಿತ್ರ. ಅದಕ್ಕೂ ಮೂರು ಸಾಲು ಬರೆಯಬೇಕು, ಮಾಡಿದವರ ಹೆಸರು ಹುಡುಕಿ ಹಾಕಬೇಕು. ಹೆಸರು ಸಿಗದಿದ್ದರೆ ಬೋರ್ಡಿಗೆ ಇಲ್ಲ.

ಎತ್ತಿಕೊಳ್ಳುವುದಕ್ಕೂ ಕದಿಯುವುದಕ್ಕೂ ನಡುವೆ

ಮುಂಬಯಿಯಲ್ಲಿ ಡಿಸೈನ್ ಓದುವವರೆಲ್ಲ ಒಮ್ಮೆಯಾದರೂ ವಾರ್ಲಿ ಮಾಡಿರುತ್ತಾರೆ. ಎರಡು ತ್ರಿಕೋನ ಜೋಡಿಸಿದರೆ ಮೈ, ಮೇಲೊಂದು ಸೊನ್ನೆ ಇಟ್ಟರೆ ತಲೆ, ಹತ್ತು ನಿಮಿಷದಲ್ಲಿ ಟೀ ಕಪ್ಪು, ಚೀಲ, ಕುಶನ್ ಎಲ್ಲಾ ತಯಾರು. ಆದರೆ ಅದು ಪಾಲ್ಘರ್ ಕಡೆಯ ವಾರ್ಲಿ ಜನರ ಗೋಡೆಯ ಚಿತ್ರ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟು, ಜಗಿದು ನಾರಾಗಿಸಿದ ಬಿದಿರು ಕಡ್ಡಿಯ ಕುಂಚ. ಮದುವೆಯ ಚೌಕ ಬರೆಯುತ್ತಿದ್ದವರು ಹೆಂಗಸರು. ಜಿವ್ಯಾ ಸೋಮಾ ಮಶೆ ಅದನ್ನು ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದರು, 2011ರಲ್ಲಿ ಪದ್ಮಶ್ರೀ ಬಂತು. ಈ ಕಲೆ ಆ ಸೀಮೆಯದು ಎಂದು ಕಾನೂನು ಒಪ್ಪುವ ಜಿಐ ಟ್ಯಾಗ್ ಕೂಡ ಇದೆ.

ನನ್ನ ನಿಲುವು ಇಷ್ಟು. ಆ ಬೊಂಬೆಗಳೇ ಬೇಕೆಂದಿದ್ದರೆ ವಾರ್ಲಿ ಕಲಾವಿದರ ಕೈಯಲ್ಲಿ ಬರೆಸಿ, ದುಡ್ಡು ಕೊಡಿ, ಹೆಸರು ಹಾಕಿ. ಕಾರಣ ಬೇಕೆಂದಿದ್ದರೆ ಅದು ಎಲ್ಲರದೂ. ಒಂದೇ ಬಣ್ಣ, ಎರಡು ಆಕಾರದಲ್ಲಿ ನೂರು ಜನರ ಗದ್ದಲ ಕಟ್ಟುವುದು ಹೇಗೆ ಎಂದು ಅಲ್ಲಿಂದ ಕಲಿಯಿರಿ, ನಿಮ್ಮ ಆಕಾರದಲ್ಲಿ ಮಾಡಿ. ನಮ್ಮ ಸಾಗರದ ಕಡೆಯ ದೀವರ ಚಿತ್ತಾರಕ್ಕೂ, ಕಸೂತಿಗೂ ಇದೇ ಮಾತು. "ನಮ್ಮದೇ ತಾನೇ" ಎಂದು ಸಲುಗೆ ಬೇಡ. ಚಿತ್ತಾರ ಬರೆಯುವ ಹೆಂಗಸು ಡೊಂಬಿವಲಿಯಲ್ಲಿ ಕೂತ ನನಗಿಂತ ಎಷ್ಟೋ ಪಾಲು ಅದರ ಒಡತಿ.

ಮೆನು ಕಾರ್ಡು ಬೆಳೆದ ಬಗೆ

ಈಗ ಜೂರಿಯಲ್ಲಿ ಬಿದ್ದ ಆ ಕೆಲಸಕ್ಕೆ ಬರೋಣ. ಮೇಷ್ಟ್ರು ಎರಡು ವಾರ ಹೆಚ್ಚು ಕೊಟ್ಟಿದ್ದರು. ಮೂಡ್‌ಬೋರ್ಡ್ ಬಿಟ್ಟು ಮೆಸ್ಸಿಗೆ ಹೋಗಿ ಮೂಲೆಯಲ್ಲಿ ಕೂತೆ. ಅಪ್ಪನಿಗೆ ಇದೆಂಥ ಓದು ಎಂದು ಅನುಮಾನ.

ಮೊದಲ ದಿನ ತೋಚಿದ್ದು ಬಾಳೆಲೆ ಆಕಾರದ ಕಾರ್ಡು. ಹಸಿರು ಬಣ್ಣ, ನಡುವೆ ದಿಂಡು, ಅದರ ಮೇಲೆ ಊಟದ ಹೆಸರು. ಖುಷಿಯಿಂದ ಮೇಷ್ಟ್ರಿಗೆ ಕಳಿಸಿದೆ. "ಎಲೆ ಹಾಗೆ ಕಾಣುತ್ತದೆ. ಎಲೆ ಮಾಡುವ ಕೆಲಸ ಮಾಡುತ್ತದಾ?" ಎಂದು ಉತ್ತರ ಬಂತು.

ಎರಡನೇ ದಿನ ಎಲೆ ಮಾಡುವ ಕೆಲಸ ನೋಡಿದೆ. ಎಲೆಯ ತುದಿ ಉಣ್ಣುವವರ ಎಡಕ್ಕೆ. ಎಡಗಡೆ ಮೇಲ್ತುದಿಗೆ ಉಪ್ಪು, ಪಕ್ಕಕ್ಕೆ ಉಪ್ಪಿನಕಾಯಿ, ಮುಂದೆ ಕೋಸಂಬರಿ, ಪಲ್ಯ. ಅನ್ನ ನಡುವೆ, ಕೈಗೆ ಹತ್ತಿರ. ಬೆರಳ ತುದಿಯಷ್ಟು ಬೇಕಾದದ್ದು ಚೂಪಾದ ಕಡೆ, ದೂರದಲ್ಲಿ. ರಾಶಿ ಬೇಕಾದದ್ದು ಅಗಲದಲ್ಲಿ, ಬಲಗೈಗೆ ಸಲೀಸಾಗಿ. ಬಡಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಎಲ್ಲಿ ಹಾಕಲಿ ಎಂದು ಯಾರೂ ಕೇಳುವುದಿಲ್ಲ. ಉಣ್ಣುವವರು ಪಕ್ಕದವರ ಜೊತೆ ಮಾತಾಡುತ್ತಾ, ನೋಡದೆಯೇ ಉಪ್ಪಿನಕಾಯಿಗೆ ಕೈ ಹಾಕುತ್ತಾರೆ. ಪಲ್ಯ ಮುಗಿದರೆ ಆ ಜಾಗ ಖಾಲಿ ಕಾಣುತ್ತದೆ, ಬಡಿಸುವವರಿಗೆ ಅಷ್ಟೇ ಸಾಕು. ಎಲೆ ಒಂದು ಗ್ರಿಡ್. ಗೆರೆ ಎಳೆಯದ ಗ್ರಿಡ್. ಪ್ರತಿ ವಸ್ತುವಿಗೂ ಜಾಗ ಗೊತ್ತು, ಖಾಲಿ ಜಾಗವೂ ಮಾತಾಡುತ್ತದೆ.

ಆಗ ಪ್ರಶ್ನೆ ಸಿಕ್ಕಿತು: ಓದದೆಯೇ ಕಣ್ಣು ಹೋಗುವ ಮೆನು ಮಾಡಬಹುದೇ? ಮೆಸ್ಸಿಗೆ ಬರುವವರಲ್ಲಿ ದಿನಾ ಬರುವವರೇ ಜಾಸ್ತಿ. ಅವರಿಗೆ ಬೇಕಾದದ್ದು ಇವತ್ತಿನ ಪಲ್ಯ ಯಾವುದು, ಸಿಹಿ ಇದೆಯಾ, ಅಷ್ಟೇ. ನೀವೂ ಹೀಗೆ ಒಂದು ಪ್ರಶ್ನೆ ಒಂದೇ ಸಾಲಿನಲ್ಲಿ ಬರೆಯುವವರೆಗೆ ಕಂಪ್ಯೂಟರ್ ತೆರೆಯಬೇಡಿ. "ಆಧುನಿಕ ಆದರೂ ಸಾಂಪ್ರದಾಯಿಕ" ಅನ್ನುವುದು ಪ್ರಶ್ನೆ ಅಲ್ಲ.

ಮುಂದೆ ಥಂಬ್‌ನೇಲ್. ಬೆಂಕಿಪೊಟ್ಟಣದ ಅಳತೆಯ ಚೌಕದೊಳಗೆ ಅವಸರದ ಕರಡು ಚಿತ್ರ, ಪುಟಕ್ಕೆ ಆರು. ಒಟ್ಟು 24 ಮಾಡಿ, ಒಂದಕ್ಕೆ ಎರಡು ನಿಮಿಷದ ಮೇಲೆ ಬೇಡ. ನನ್ನ ಮೊದಲ ಎಂಟು ಎಲ್ಲರೂ ಮಾಡುವಂಥವೇ: ಎಲೆ, ಲೋಟ, ತೆಂಗಿನಕಾಯಿ. ಅವು ಹೊರಗೆ ಬಂದರೇನೇ ಅವುಗಳ ಹಿಂದೆ ಅಡಗಿದ ಹೊಸವು ಬರುವುದು, ಅದಕ್ಕೆ ಬೈದುಕೊಳ್ಳಬೇಡಿ. ಹದಿನೈದರ ಆಸುಪಾಸಿನಲ್ಲಿ ತಲೆ ಖಾಲಿ ಆಗುತ್ತದೆ, ಕಾಫಿ ಕುಡಿದು ಬನ್ನಿ. ನನಗೆ ಹೊಂದಿದ್ದು ಹತ್ತೊಂಬತ್ತನೆಯದು. ದಿನಾ ಬದಲಾಗದ ಪದಾರ್ಥಗಳು ಮೇಲೆ ಎಡಕ್ಕೆ ಸಣ್ಣದಾಗಿ, ಬದಲಾಗುವುದಕ್ಕೆ ನಡುವೆ ಅಗಲ ಜಾಗ, ಸಿಹಿಗೆ ಬಲಗಡೆ ಒಂದು ಮೂಲೆ. ಸಿಹಿ ಇಲ್ಲದ ದಿನ ಆ ಮೂಲೆ ಖಾಲಿ. ಎಲೆಯ ಚಿತ್ರ ಎಲ್ಲೂ ಇಲ್ಲ.

ಮೂರು ಲಿಪಿಯ ಜಗಳ

ಕಾರ್ಡು ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೇಕಿತ್ತು. ಇಲ್ಲಿ ಒಂದು ವಾರ ಹೋಯಿತು. ಮರಾಠಿಯ ಲಿಪಿ ದೇವನಾಗರಿ ಶಿರೋರೇಖೆಗೆ, ಅಂದರೆ ತಲೆಯ ಮೇಲಿನ ಗೆರೆಗೆ ಜೋತುಬಿದ್ದಿರುತ್ತದೆ, ಬಟ್ಟೆ ಒಣಹಾಕಿದ ಹಾಗೆ. ಕನ್ನಡ ಹಾಗಲ್ಲ, ದುಂಡಗೆ ಕೂತು ಕೆಳಗೆ ಒತ್ತಕ್ಷರ ಇಳಿಬಿಡುತ್ತದೆ. "ಉಪ್ಪಿನಕಾಯಿ", "ತೊವ್ವೆ" ಒಂದರ ಕೆಳಗೊಂದು ಬರೆದು ನೋಡಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ಪ್ಪಿಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಮೂರೂ ಒಂದೇ ಪಾಯಿಂಟ್ ಸೈಜಿನಲ್ಲಿಟ್ಟರೆ ಒಂದೇ ಅಳತೆ ಕಾಣುವುದಿಲ್ಲ. ಅಂಕಿ ನಂಬಬೇಡಿ, ಪ್ರಿಂಟ್ ತೆಗೆದು ಕೈ ಚಾಚಿ ಹಿಡಿದು ಕಣ್ಣಿನಲ್ಲಿ ಸರಿಮಾಡಿ. ನಾನು ಕನ್ನಡದ ಸಾಲಿಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಜಾಗ ಕೊಟ್ಟೆ, ಆಮೇಲೆ ಇನ್ನೂ ಚೂರು ಸೇರಿಸಿದೆ.

ಫಾಂಟಿಗೆ ಮುಂಬಯಿಯ ಏಕ್ ಟೈಪ್ ತಂಡದ ಬಾಲೂ ಸರಣಿ ನೋಡಬಹುದು, ಅದರ ಕನ್ನಡದ ಹೆಸರು ಬಾಲೂ ತಮ್ಮ. ಬಿಟ್ಟಿ, ದೇವನಾಗರಿ ಜೋಡಿಯೂ ಇದೆ. ತಲೆಬರಹಕ್ಕೆ ಚೆನ್ನ, ಸಣ್ಣ ಅಕ್ಷರಕ್ಕೆ ದಪ್ಪ ಆಗುತ್ತದೆ. ವಿಂಡೋಸಿನಲ್ಲಿ ನಾವು ಎಷ್ಟೋ ವರ್ಷ ಓದಿದ ತುಂಗಾ ಫಾಂಟಿನ ಹಿಂದೆಯೂ ಮುಂಬಯಿ ಇದೆ. ಜೆಜೆಯಲ್ಲಿ ಕಲಿತು, ಪೊವಾಯಿಯ ಐಐಟಿಯ ಡಿಸೈನ್ ಶಾಲೆ ಐಡಿಸಿಯಲ್ಲಿ ಕಲಿಸಿದ ಆರ್. ಕೆ. ಜೋಶಿಯವರ ನೇತೃತ್ವದ ಕೆಲಸ ಅದು. ಮರಾಠಿ ಮೇಷ್ಟ್ರು ಕನ್ನಡ ಅಕ್ಷರದ ತಲೆಕಟ್ಟಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿದ್ದಾರೆ. ನಾವು ಮನೆಯಲ್ಲಿ ಕನ್ನಡ ಪೇಪರು ಬಂದರೂ ಅಕ್ಷರ ನೋಡುವುದಿಲ್ಲ, ಸುದ್ದಿ ಮಾತ್ರ ನೋಡುತ್ತೇವೆ, ಅಲ್ವಾ?

ಬಣ್ಣ: ಯಾವುದು ಅನ್ನುವುದಕ್ಕಿಂತ ಎಷ್ಟು

ಹೂವಿನ ಅಂಗಡಿಯಲ್ಲಿ ಒಂದು ಮಾಲೆ ನೋಡಿ. ಮಲ್ಲಿಗೆ, ಅಬ್ಬಲಿಗೆ, ನಡುನಡುವೆ ಮರುಗ. ಹತ್ತು ಚೌಕ ಬರೆದುಕೊಂಡು ಯಾವ ಬಣ್ಣ ಎಷ್ಟು ಚೌಕ ಎಂದು ತುಂಬಿ. ನನ್ನ ಮಾಲೆಯಲ್ಲಿ ಬಿಳಿ ಏಳು, ಕೇಸರಿ ಎರಡು, ಹಸಿರು ಒಂದು ಬಂತು. ಅದೇ ಮೂರು ಬಣ್ಣ ಸಮಸಮ ಇಟ್ಟು ನೋಡಿ, ರಾಷ್ಟ್ರಧ್ವಜ ಆಗುತ್ತದೆ! ಪಾಲು ಬದಲಾದರೆ ಬಣ್ಣದ ಅರ್ಥವೇ ಬದಲು. ಬಣ್ಣವನ್ನು ಹಗಲು ಬೆಳಕಿನಲ್ಲೇ ಗುರುತು ಮಾಡಿ. ಬಲ್ಬಿನ ಕೆಳಗೆ ತೆಗೆದ ಫೋಟೋದಿಂದ ಬಣ್ಣ ಎತ್ತಿದರೆ ಮಲ್ಲಿಗೆಯೂ ಹಳದಿ.

ಇಟ್ಟು ನೋಡುವುದು

ಸ್ಕ್ರೀನಿನಲ್ಲಿ ಎಲ್ಲವೂ ಚಂದ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಅದು ಬದುಕಬೇಕಾದ ಜಾಗದಲ್ಲಿ ಇಡಿ. ನಾನು ಮಧ್ಯಾಹ್ನ ಒಂದು ಗಂಟೆಗೆ ಮೆಸ್ಸಿನ ನಾಲ್ಕು ಮೇಜಿನ ಮೇಲೆ ಇಟ್ಟೆ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇವತ್ತು ಸಿಹಿ ಏನು?" ಎಂದು ಕೇಳಿ ಮನಸ್ಸಿನಲ್ಲೇ ಎಣಿಸಿ. ಮೂರು ಎಣಿಸುವುದರೊಳಗೆ ಬೆರಳು ಸರಿಯಾದ ಮೂಲೆಗೆ ಹೋಗಬೇಕು. ಒಬ್ಬ ಅಜ್ಜನ ಬೆರಳು ಎಡಕ್ಕೆ ಹೋಯಿತು. ಕಾರ್ಡು ತಲೆಕೆಳಗಾಗಿತ್ತು. ಎಲೆಗೆ ತುದಿ ಇದೆ, ನನ್ನ ಚೌಕ ಕಾರ್ಡಿಗೆ ಯಾವ ಕಡೆ ಮೇಲೆ ಎಂಬ ಗುರುತೇ ಇರಲಿಲ್ಲ! ಒಂದು ಮೂಲೆ ದುಂಡು ಮಾಡಿದೆ. ಹೊಳೆಯುವ ಲ್ಯಾಮಿನೇಷನ್ನಿನ ಮೇಲೆ ಟ್ಯೂಬ್‌ಲೈಟ್ ಬಿದ್ದು ಅಕ್ಷರ ಕಾಣಲಿಲ್ಲ, ಮ್ಯಾಟ್ ಮಾಡಿಸಿದೆ. ಸಾರು ಬಿದ್ದರೆ ಒರೆಸಲು ಬರುತ್ತದೆ.

ಪೋರ್ಟ್‌ಫೋಲಿಯೋದಲ್ಲಿ ಈ ಕೆಲಸಕ್ಕೆ ಆರು ಪುಟ ಕೊಟ್ಟಿದ್ದೇನೆ. ಕೊನೆಯ ಕಾರ್ಡಿಗೆ ಒಂದೇ ಪುಟ. ಉಳಿದ ಐದರಲ್ಲಿ ಎಲೆಯ ಗೀಚು, ಬಿದ್ದುಹೋದ ಹಸಿರು ಎಲೆ ಕಾರ್ಡು, 24 ಥಂಬ್‌ನೇಲ್, ಸಾರಿನ ಕಲೆ ಬಿದ್ದ ಜೆರಾಕ್ಸ್. ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಅವರು ಜಾಸ್ತಿ ಹೊತ್ತು ನಿಂತದ್ದು ಆ ಕಲೆಯ ಪುಟದಲ್ಲಿ.

ಕಾರ್ಡು ಈಗಲೂ ಮೆಸ್ಸಿನಲ್ಲಿದೆ. ಮೊನ್ನೆ ಹೋದಾಗ ದರ ಏರಿತ್ತು. ನಾನು ಅಳೆದು ಅಳೆದು ಇಟ್ಟ ಅಂಕಿಯ ಮೇಲೆ ಮಾಲೀಕರು ಬಿಳಿ ಸ್ಟಿಕರ್ ಅಂಟಿಸಿ, ಬಾಲ್ ಪೆನ್ನಿನಲ್ಲಿ ಹೊಸ ದರ ಬರೆದಿದ್ದರು, ಸ್ವಲ್ಪ ಓರೆಯಾಗಿ. ಗೀಚಿಕೊಂಡು ಕೆಳಗೆ ಬರೆದೆ: ಬೆಲೆ ಏರುತ್ತಲೇ ಇರುತ್ತದೆ, ಅದಕ್ಕೊಂದು ಬರೆದು ಅಳಿಸುವ ಜಾಗ ಬೇಕಿತ್ತು.